ಅಗ್ಗದ ಬ್ಯಾಟರಿಯ ಮೂರನೇ ವರ್ಷ

ಕಾರ್ಡ್‌ಲೆಸ್ ಡ್ರಿಲ್ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ. 21 ವೋಲ್ಟ್, 48 ವೋಲ್ಟ್, 88 ವೋಲ್ಟ್. ಕೆಲವುಗಳ ಮೇಲೆ 128 ವಿಎಫ್ ಎಂಬ, ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಅಳತೆ. ಪಕ್ಕದಲ್ಲೇ 20,000 ಎಂಎಎಚ್ ಎಂಬ ಇನ್ನೊಂದು ಅಂಕಿ. ಒಂದು ಡ್ರಿಲ್, ಎರಡು ಬ್ಯಾಟರಿ, ಚಾರ್ಜರ್, ಬಿಟ್‌ಗಳ ಸೆಟ್, ಹಿಡಿಕೆಯಿರುವ ಪ್ಲಾಸ್ಟಿಕ್ ಪೆಟ್ಟಿಗೆ, ಎಲ್ಲ ಸೇರಿದರೂ ಹೆಸರಾಂತ ಕಂಪನಿಯ ಒಂದೇ ಒಂದು ದೊಡ್ಡ ಬ್ಯಾಟರಿಯ ಬೆಲೆಗಿಂತ ಕಡಿಮೆ. ದಿನಗೂಲಿಯ ಮೇಲೆ ಬದುಕುವ ಎಲೆಕ್ಟ್ರಿಷಿಯನ್, ಈಗಷ್ಟೇ ಸ್ವಂತ ಕೆಲಸ ಶುರುಮಾಡಿದ ಕಾರ್ಪೆಂಟರ್ ಇದನ್ನು ಬಿಟ್ಟು ದುಬಾರಿಯದನ್ನು ಏಕೆ ಕೊಳ್ಳಬೇಕು? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಆ ಅಂಕಿಗಳಲ್ಲೇ ಇದೆ. ಸ್ವಲ್ಪ ಲೆಕ್ಕ ಹಾಕಬೇಕು.

ಬ್ಯಾಟರಿ ಪ್ಯಾಕಿನ ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಒಳಗೆ ಸಿಗುವುದು ಉಕ್ಕಿನ ಡಬ್ಬಿಯಲ್ಲಿರುವ ಸಿಲಿಂಡರ್ ಆಕಾರದ ಲಿಥಿಯಂ-ಅಯಾನ್ ಸೆಲ್‌ಗಳು. ಬಹುತೇಕ ಪ್ಯಾಕ್‌ಗಳಲ್ಲಿರುವುದು 18650 ಎಂಬ ಅಳತೆಯ ಸೆಲ್: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಇಂಥ ಒಂದು ಸೆಲ್ಲಿನ ಸರಾಸರಿ ವೋಲ್ಟೇಜ್ 3.6, ಪೂರ್ತಿ ಚಾರ್ಜ್ ಆದಾಗ 4.2. ಐದನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್, ಪೂರ್ತಿ ತುಂಬಿದಾಗ 21. ಹಾಗಾಗಿ ಒಂದು ಕಂಪನಿ 18 ವೋಲ್ಟ್ ಎನ್ನುವುದು, ಇನ್ನೊಂದು 20 ವೋಲ್ಟ್ ಮ್ಯಾಕ್ಸ್ ಎನ್ನುವುದು, ಅಗ್ಗದ ಪೆಟ್ಟಿಗೆ 21 ವೋಲ್ಟ್ ಎನ್ನುವುದು ಎಲ್ಲವೂ ಅದೇ ಐದು ಸೆಲ್‌ಗಳ ಸಾಲು. 21 ಹೆಚ್ಚು, 18 ಕಡಿಮೆ ಎಂದುಕೊಂಡು ಹಣ ಕೊಟ್ಟವರು ಯಾವ ಹೆಚ್ಚುವರಿ ಶಕ್ತಿಯನ್ನೂ ಪಡೆದಿಲ್ಲ. 88 ವೋಲ್ಟ್ ನಿಜವಾಗಬೇಕಾದರೆ ಇಪ್ಪತ್ತಕ್ಕೂ ಹೆಚ್ಚು ಸೆಲ್‌ಗಳನ್ನು ಒಂದೇ ಸಾಲಿನಲ್ಲಿ ಕೂರಿಸಬೇಕು. ಅಂಗೈಯಗಲದ ಪೆಟ್ಟಿಗೆಯಲ್ಲಿ ಅಷ್ಟು ಜಾಗವಿಲ್ಲ.

ಸಾಮರ್ಥ್ಯದ ಅಂಕಿಯದೂ ಇದೇ ಕತೆ. ಇವತ್ತು ಮಾರುಕಟ್ಟೆಯಲ್ಲಿರುವ ಅತ್ಯುತ್ತಮ 18650 ಸೆಲ್ ಹಿಡಿಯುವುದು ಸುಮಾರು 3,500 ಎಂಎಎಚ್. ಡ್ರಿಲ್, ಗ್ರೈಂಡರ್‌ಗಳಿಗೆ ಬೇಕಾದ, ಒಮ್ಮೆಲೇ ಹೆಚ್ಚು ಕರೆಂಟ್ ಕೊಡಬಲ್ಲ ಸೆಲ್ ಹಿಡಿಯುವುದು ಇನ್ನೂ ಕಡಿಮೆ, 2,000ದಿಂದ 3,000. ಹತ್ತು ಸೆಲ್‌ಗಳ ಪ್ಯಾಕಿನಲ್ಲಿ ಐದೈದರ ಎರಡು ಸಾಲು ಇರುವುದರಿಂದ ಗರಿಷ್ಠ 7,000 ಎಂಎಎಚ್ ಸಿಕ್ಕೀತು. 20,000 ಎಂಬುದಕ್ಕೆ ಆ ಗಾತ್ರದಲ್ಲಿ ರಸಾಯನಶಾಸ್ತ್ರದ ಅನುಮತಿಯೇ ಇಲ್ಲ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು, ತಕ್ಕಡಿ ಇದ್ದರೆ ಸಾಕು. ಒಂದು 18650 ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಹತ್ತು ಸೆಲ್‌ಗಳ ಅಸಲಿ ಪ್ಯಾಕ್ ಕವಚವೂ ಸೇರಿ 600 ಗ್ರಾಂ ಆಸುಪಾಸಿನಲ್ಲಿರುತ್ತದೆ. ಅದೇ ಗಾತ್ರದ, ಅದಕ್ಕಿಂತ ದೊಡ್ಡ ಅಂಕಿ ಬರೆದುಕೊಂಡ ಪ್ಯಾಕ್ 400 ಗ್ರಾಂ ತೂಗಿದರೆ ಒಳಗೆ ಐದೇ ಸೆಲ್‌ಗಳಿವೆ, ಉಳಿದ ಜಾಗ ಖಾಲಿ ಇದೆ ಎಂದು ತಿಳಿಯಬಹುದು.

ಸುಳ್ಳು ಲೇಬಲ್ ಎಂದರೆ ಹಣಕ್ಕೆ ಮೋಸ, ಅಷ್ಟೇ ಎಂದು ಬಿಟ್ಟುಬಿಡುವ ಹಾಗಿಲ್ಲ. ಒಳಗಿರುವ ಸೆಲ್ ಯಾವ ದರ್ಜೆಯದು ಎಂಬ ಪ್ರಶ್ನೆ ಉಳಿಯುತ್ತದೆ. ಟಾರ್ಚ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್‌ಗಳಿಗಾಗಿ ಮಾಡಿದ ಸೆಲ್ ನಿಧಾನವಾಗಿ ಕರೆಂಟ್ ಕೊಡುವುದಕ್ಕೆ ಹುಟ್ಟಿದ್ದು. ಡ್ರಿಲ್ ಹಾಗಲ್ಲ. ಗೋಡೆಯಲ್ಲಿ ಬಿಟ್ ಸಿಕ್ಕಿಹಾಕಿಕೊಂಡ ಕ್ಷಣ ಅದು ಇಪ್ಪತ್ತು, ಮೂವತ್ತು ಆಂಪಿಯರ್ ಎಳೆಯುತ್ತದೆ. ಒಳ್ಳೆಯ ಪವರ್ ಸೆಲ್ಲಿನ ಒಳಗಿನ ಪ್ರತಿರೋಧ ಸುಮಾರು 15 ಮಿಲಿಓಮ್. 20 ಆಂಪಿಯರ್ ಹರಿದಾಗ ಅದರಲ್ಲಿ ಹುಟ್ಟುವ ಶಾಖ 6 ವಾಟ್. ಕಡಿಮೆ ದರ್ಜೆಯ ಅಥವಾ ಹಳೆಯ ಸೆಲ್ಲಿನ ಪ್ರತಿರೋಧ 50 ಮಿಲಿಓಮ್ ಇದ್ದರೆ ಅದೇ ಕರೆಂಟಿಗೆ ಹುಟ್ಟುವುದು 20 ವಾಟ್. ಐದು ಸೆಲ್‌ಗಳಿಗೆ ನೂರು ವಾಟ್. ಹಿಂದಿನ ಕಾಲದ ತಂತಿ ಬಲ್ಬನ್ನು ಉರಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಟ್ಟ ಹಾಗೆ. ಡ್ರಿಲ್ ಹಿಡಿದ ಕೈಗೆ ಬಿಸಿ ತಟ್ಟುವುದು ತಡವಾಗಿ. ನಡುವಿನ ಸೆಲ್ ಅಷ್ಟರಲ್ಲಾಗಲೇ ಬಹಳ ಕಾದಿರುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಚಾರ್ಜ್ ಮಾಡುವಾಗ ನಡೆಯುತ್ತದೆ. ನನ್ನ ಮಾತಿನ ತಿರುಳು ಇಲ್ಲೇ ಇರುವುದರಿಂದ ಸ್ವಲ್ಪ ನಿಲ್ಲುತ್ತೇನೆ. ಸಾಲಾಗಿ ಜೋಡಿಸಿದ ಐದು ಸೆಲ್‌ಗಳು ಹೊಸದಿರುವಾಗ ಹೆಚ್ಚುಕಡಿಮೆ ಒಂದೇ ಸಮ ಇರುತ್ತವೆ. ದುಡಿಯುತ್ತಾ ಹೋದ ಹಾಗೆ ಒಂದು ಮುಂದೆ, ಒಂದು ಹಿಂದೆ ಬೀಳುತ್ತದೆ. ಒಳ್ಳೆಯ ಪ್ಯಾಕಿನೊಳಗಿನ ಸರ್ಕ್ಯೂಟು ಸೆಲ್‌ಗಳ ವೋಲ್ಟೇಜನ್ನು ಬೇರೆ ಬೇರೆಯಾಗಿ ನೋಡುತ್ತದೆ, ಶಾಖವನ್ನು ಅಳೆಯುತ್ತದೆ, ಮಿತಿ ಮೀರಿದರೆ ಚಾರ್ಜರಿಗೆ ನಿಲ್ಲು ಎನ್ನುತ್ತದೆ. ಅಗ್ಗದ ಕಿಟ್‌ಗಳ ಚಾರ್ಜರ್ ಅನೇಕ ವೇಳೆ ಒಂದು ಸಾದಾ ಅಡಾಪ್ಟರ್. ಅದಕ್ಕೆ ಗೊತ್ತಿರುವುದು ಒಟ್ಟು ವೋಲ್ಟೇಜ್ ಮಾತ್ರ. 21 ತಲುಪಿತೆಂದರೆ ಹಸಿರು ದೀಪ. ಈಗ ಒಂದು ಸೆಲ್ ಬಳಲಿ 3.8ರಲ್ಲೇ ನಿಂತಿದೆ ಎಂದಿಟ್ಟುಕೊಳ್ಳಿ. ಒಟ್ಟು 21 ಆಗಬೇಕಾದರೆ ಉಳಿದ ನಾಲ್ಕು ತಲಾ 4.3 ವೋಲ್ಟಿಗೆ ಏರಬೇಕು. 4.2 ದಾಟಿದ ಸೆಲ್ ಓವರ್‌ಚಾರ್ಜ್ ಆದ ಸೆಲ್. ಅದರ ಆನೋಡಿನ (ಋಣ ಧ್ರುವದ) ಮೇಲೆ ಲೋಹದ ಲಿಥಿಯಂ ಪದರವಾಗಿ ಕೂರತೊಡಗುತ್ತದೆ. ಪ್ರತಿ ರಾತ್ರಿ ಸ್ವಲ್ಪ ಸ್ವಲ್ಪ.

ಖಾಲಿಯಾಗುವ ಕೊನೆಯಲ್ಲೂ ಇದೇ ಲೆಕ್ಕ ತಿರುಗುಮುರುಗಾಗಿ ನಡೆಯುತ್ತದೆ. 15 ವೋಲ್ಟಿಗೆ ಮಷೀನ್ ನಿಲ್ಲಬೇಕು ಎಂದಿದ್ದರೆ, ನಾಲ್ಕು ಸೆಲ್‌ಗಳು 3.3ರಲ್ಲಿ ಸುಖವಾಗಿರುವಾಗ ಬಳಲಿದ ಸೆಲ್ 1.8ಕ್ಕೆ ಕುಸಿದಿರಬಹುದು. ಒಟ್ಟು ಮಾತ್ರ ಸರಿಯಾಗಿ 15. ಇನ್ನೂ ಕೆಳಗಿಳಿದರೆ ಆ ಸೆಲ್ಲಿನಲ್ಲಿ ಆನೋಡಿನ ತಾಮ್ರದ ಹಾಳೆ ಎಲೆಕ್ಟ್ರೊಲೈಟಿನಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜಿಗೆ ಹಾಕಿದಾಗ ಆ ತಾಮ್ರ ಎಲ್ಲೆಲ್ಲೋ ಹೋಗಿ ಕೂರುತ್ತದೆ, ಒಳಗೊಳಗೇ ಶಾರ್ಟ್ ಆಗುವ ದಾರಿ ತೆರೆಯುತ್ತದೆ. ಮಷೀನ್ ನಿಂತ ಮೇಲೂ ಇನ್ನೊಂದೇ ಸ್ಕ್ರೂ ಎಂದು ಟ್ರಿಗರ್ ಒತ್ತುವುದು, ಖಾಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟು ಆಮೇಲೆ ಚಾರ್ಜಿಗೆ ಇಡುವುದು, ಎರಡರ ಪೆಟ್ಟೂ ಬೀಳುವುದು ಆ ಒಂದು ಬಡ ಸೆಲ್ಲಿನ ಮೇಲೆ.

ಹಾಗಾಗಿ ಕೊಂಡ ವಾರದಲ್ಲಿ ಏನೂ ಆಗಲಿಲ್ಲ, ಆರು ತಿಂಗಳಿಂದ ಚೆನ್ನಾಗಿ ನಡೆಯುತ್ತಿದೆ ಎಂಬ ಮಾತು ಸುರಕ್ಷತೆಗೆ ಸಾಕ್ಷಿಯಾಗುವುದಿಲ್ಲ. ಹೊಸ ಅಗ್ಗದ ಪ್ಯಾಕ್ ಕೂಡ ಸಮತೂಕದಲ್ಲೇ ಇರುತ್ತದೆ. ಅಪಾಯ ವಯಸ್ಸಿನ ಜೊತೆ ಬೆಳೆಯುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಊರುಗಳಿಗೆ ಇಂಥ ಕಿಟ್‌ಗಳು ರಾಶಿಯಾಗಿ ಬಂದಿವೆ. ಆ ರಾಶಿ ಈಗ ಎರಡನೇ, ಮೂರನೇ ವರ್ಷಕ್ಕೆ ಕಾಲಿಡುತ್ತಿದೆ. ಕೈ ಬದಲಾಗುತ್ತಿದೆ, ರಿಪೇರಿಗೆ ಹೋಗುತ್ತಿದೆ. ನನಗೆ ಭಯವಿರುವುದು ಈ ರಾಶಿಯ ಬಗ್ಗೆ.

ಅಗ್ಗದ ಸೆಲ್ಲಿನ ಒಳಗೆ ಹೊರಗಿನಿಂದ ಕಾಣದ ದೋಷವಿರಬಹುದು ಎಂಬ ಅನುಮಾನಕ್ಕೆ 2025ರಲ್ಲಿ ಒಂದು ಗಟ್ಟಿ ಪುರಾವೆ ಸಿಕ್ಕಿತು. ಅಮೆರಿಕದ ಲುಮಾಫೀಲ್ಡ್ ಎಂಬ ಸಂಸ್ಥೆ ಹತ್ತು ಬ್ರ್ಯಾಂಡ್‌ಗಳ ಸಾವಿರಕ್ಕೂ ಹೆಚ್ಚು 18650 ಸೆಲ್‌ಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿತು. ಆಸ್ಪತ್ರೆಯಲ್ಲಿ ತಲೆಯನ್ನು ಸ್ಕ್ಯಾನ್ ಮಾಡುವ ಅದೇ ತತ್ವ. ಅವರು ಹುಡುಕಿದ್ದು ಒಂದು ನಿರ್ದಿಷ್ಟ ದೋಷ: ಸುರುಳಿ ಸುತ್ತಿದ ಹಾಳೆಗಳಲ್ಲಿ ಆನೋಡಿನ ಅಂಚು ಕ್ಯಾಥೋಡಿನ (ಧನ ಧ್ರುವದ) ಅಂಚಿಗಿಂತ ಸ್ವಲ್ಪ ಹೊರಚಾಚಿರಬೇಕು. ಹಾಗಿರದೆ ಕ್ಯಾಥೋಡೇ ಹೊರಗೆ ಬಂದಿದ್ದರೆ ಆ ಅಂಚಿನಲ್ಲಿ ಲಿಥಿಯಂ ಲೋಹ ಬೆಳೆಯುತ್ತದೆ, ಶಾರ್ಟಿಗೆ ದಾರಿಯಾಗುತ್ತದೆ. 33 ಸೆಲ್‌ಗಳಲ್ಲಿ ಈ ದೋಷ ಸಿಕ್ಕಿತು. ಆ 33ರಲ್ಲಿ ಪ್ರತಿಯೊಂದೂ ಅಗ್ಗದ ಇಲ್ಲವೇ ನಕಲಿ ಬ್ರ್ಯಾಂಡಿನದು. ಆ ಗುಂಪಿನೊಳಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ನೂರಕ್ಕೆ ಎಂಟು. ಹೆಸರಾಂತ ತಯಾರಕರ ಸೆಲ್‌ಗಳಲ್ಲಿ ಒಂದೂ ಇರಲಿಲ್ಲ. ನೂರಕ್ಕೆ ಎಂಟು ಎಂದರೆ ಹತ್ತು ಸೆಲ್‌ಗಳ ಎರಡು ಪ್ಯಾಕಿನಲ್ಲಿ ಸರಾಸರಿ ಒಂದಕ್ಕಿಂತ ಹೆಚ್ಚು ದೋಷದ ಸೆಲ್. ದೋಷವಿದ್ದ ಸೆಲ್ಲೆಲ್ಲ ಉರಿಯುವುದಿಲ್ಲ, ಬಹುಪಾಲು ಸುಮ್ಮನೆ ಬೇಗ ಸಾಯುತ್ತವೆ. ಆದರೂ ಉರಿಯುವ ಅಪಾಯ ಹೆಚ್ಚಿರುವುದು ಈ ಗುಂಪಿನಲ್ಲೇ.

ದೊಡ್ಡ ಕಂಪನಿಗಳು ತಪ್ಪು ಮಾಡುವುದಿಲ್ಲ ಎಂದೂ ಅಲ್ಲ. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡದ್ದು ಇಂಥದೇ ಬ್ಯಾಟರಿ ದೋಷಕ್ಕೆ. ಅಲ್ಲಿ ವಾಪಸ್ ಕರೆಸಿಕೊಳ್ಳಲು ಒಂದು ಹೆಸರಿತ್ತು, ವಿಳಾಸವಿತ್ತು. 88 ವೋಲ್ಟ್ ಎಂದು ಬರೆದ ಪೆಟ್ಟಿಗೆಯ ಮೇಲೆ ತಯಾರಕರ ಹೆಸರೇ ಇರುವುದಿಲ್ಲ.

ಉರಿ ಹುಟ್ಟುವ ಕ್ರಮವನ್ನು ಪ್ರಯೋಗಾಲಯಗಳು ಚೆನ್ನಾಗಿ ದಾಖಲಿಸಿವೆ. ಸೆಲ್ ಸುಮಾರು 90ರಿಂದ 120 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಆನೋಡಿನ ಮೇಲಿನ ರಕ್ಷಣಾ ಪದರ ಒಡೆಯುತ್ತದೆ. ಒಡೆಯುವಾಗ ತಾನೇ ಶಾಖ ಬಿಡುತ್ತದೆ. 130ರ ಹತ್ತಿರ ಎರಡು ಧ್ರುವಗಳನ್ನು ಬೇರೆಯಾಗಿಟ್ಟಿದ್ದ ಪಾಲಿಥಿನ್ ಪೊರೆ ಕರಗುತ್ತದೆ. ಇನ್ನೂ ಮೇಲೆ, 200ರ ಆಸುಪಾಸಿನಲ್ಲಿ ಕ್ಯಾಥೋಡ್ ತನ್ನೊಳಗಿನ ಆಮ್ಲಜನಕವನ್ನು ಬಿಡುತ್ತದೆ. ಹೊರಗಿನ ಗಾಳಿ ಸಿಗದಿದ್ದರೂ ಬೆಂಕಿ ಮುಂದುವರಿಯುವುದು ಇದರಿಂದ. ಒಂದು ಸೆಲ್ ಹೊತ್ತಿದ ಶಾಖಕ್ಕೆ ಪಕ್ಕದ್ದು ಹೊತ್ತುತ್ತದೆ. ಥರ್ಮಲ್ ರನ್‌ಅವೇ ಎನ್ನುವುದು ಈ ಸರಪಳಿಗೆ. ಜೊತೆಗೆ ಹೊರಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಜಲಜನಕ ಇದೆ, ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಇದೆ. ಇಂಥ ಬೆಂಕಿಯಲ್ಲಿ ಜೀವ ತೆಗೆಯುವುದು ಅನೇಕ ಸಲ ಜ್ವಾಲೆಗಿಂತ ಮೊದಲು ಹೊಗೆಯೇ.

ನ್ಯೂಯಾರ್ಕ್ ನಗರ ಇದನ್ನು ಬಹಳ ಬೆಲೆ ತೆತ್ತು ಕಲಿತಿತು. ಮನೆಮನೆಗೆ ಊಟ ತಲುಪಿಸುವ ಬಡ ಕಾರ್ಮಿಕರು ಅಗ್ಗದ ಇ-ಬೈಕುಗಳನ್ನೂ, ಹಳೆಯ ಸೆಲ್ ಸೇರಿಸಿ ಕಟ್ಟಿದ ಬ್ಯಾಟರಿಗಳನ್ನೂ ಕೊಂಡು, ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗುತ್ತಿದ್ದರು. 2023 ಒಂದೇ ವರ್ಷದಲ್ಲಿ ಅಲ್ಲಿನ ಅಗ್ನಿಶಾಮಕ ಇಲಾಖೆ 268 ಲಿಥಿಯಂ ಬ್ಯಾಟರಿ ಬೆಂಕಿಗಳನ್ನು ದಾಖಲಿಸಿತು. 18 ಜನ ಸತ್ತರು. ಆ ವರ್ಷವೇ ನಗರಾಡಳಿತ ಪ್ರಮಾಣಪತ್ರವಿಲ್ಲದ ಬ್ಯಾಟರಿಗಳ ಮಾರಾಟವನ್ನೂ, ಬಳಸಿದ ಸೆಲ್‌ಗಳಿಂದ ಮರುಜೋಡಿಸಿದ ಬ್ಯಾಟರಿಗಳ ಮಾರಾಟವನ್ನೂ ನಿಷೇಧಿಸಿತು. ಇ-ಬೈಕಿನ ಬ್ಯಾಟರಿ ಡ್ರಿಲ್ಲಿನದಕ್ಕಿಂತ ಹಲವು ಪಟ್ಟು ದೊಡ್ಡದು, ಬೆಂಕಿಯೂ ದೊಡ್ಡದು. ಆದರೆ ಒಳಗಿರುವ ಸೆಲ್ ಒಂದೇ ಜಾತಿಯದು, ತಪ್ಪುಗಳೂ ಅವೇ, ಮತ್ತು ಅದನ್ನು ಕೊಳ್ಳುವವರ ಜೇಬಿನ ಸ್ಥಿತಿಯೂ ಅದೇ.

ನಮ್ಮಲ್ಲೂ 2022 ಮರೆಯಬಾರದ ವರ್ಷ. ಮಾರ್ಚಿನಲ್ಲಿ ವೆಲ್ಲೂರಿನ ಒಂದು ಮನೆಯಲ್ಲಿ ರಾತ್ರಿ ಚಾರ್ಜಿಗಿಟ್ಟ ಇ-ಸ್ಕೂಟರ್ ಹೊತ್ತಿಕೊಂಡು ಅಪ್ಪ ಮತ್ತು ಮಗಳು ಹೊಗೆಗೆ ಉಸಿರುಕಟ್ಟಿ ಸತ್ತರು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಇ-ಸ್ಕೂಟರ್ ಷೋರೂಮಿನಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ಹೋಟೆಲಿಗೆ ನುಗ್ಗಿ ಎಂಟು ಜನರನ್ನು ಕೊಂದಿತು. ಅದೇ ವರ್ಷ ಕೇಂದ್ರ ಸರ್ಕಾರ ವಾಹನ ಬ್ಯಾಟರಿಗಳ ಎಐಎಸ್-156 ಮಾನದಂಡವನ್ನು ಬಿಗಿ ಮಾಡಿತು. ಅದು ವಾಹನಗಳಿಗೆ. ಕೈಯಲ್ಲಿ ಹಿಡಿಯುವ ಉಪಕರಣಗಳ ಬ್ಯಾಟರಿಗೆ ಇರುವುದು ಭಾರತೀಯ ಮಾನಕ ಬ್ಯೂರೋದ ಐಎಸ್ 16046. ಶಾರ್ಟ್, ಜಜ್ಜುವಿಕೆ, ಓವರ್‌ಚಾರ್ಜ್, 130 ಡಿಗ್ರಿ ಶಾಖ ಇವನ್ನೆಲ್ಲ ಸೆಲ್ ತಡೆದುಕೊಳ್ಳುತ್ತದೆಯೇ ಎಂದು ನೋಡುವ, ತಕ್ಕಮಟ್ಟಿಗೆ ಒಳ್ಳೆಯ ಮಾನದಂಡ. ನೋಂದಣಿ ಕಡ್ಡಾಯವೂ ಹೌದು. ಪರೀಕ್ಷೆಗೆ ಹೋಗುವುದು ಮಾತ್ರ ಹೊಸ ಮಾದರಿಗಳು. ಮೂರು ವರ್ಷದ ದುಡಿಮೆಯ ನಂತರ ಸೆಲ್ ಹೇಗಿದೆ ಎಂದು ನೋಡುವವರಿಲ್ಲ.

ಈಗ ನಮ್ಮ ಮರಗೆಲಸದ ಅಂಗಡಿಗಳನ್ನು ನೆನಪಿಸಿಕೊಳ್ಳಿ. ನೆಲದ ಮೇಲೆ ಮರದ ಪುಡಿ, ಮೂಲೆಯಲ್ಲಿ ತಿನ್ನರ್ ಮತ್ತು ಪಾಲಿಶ್ ಡಬ್ಬಿಗಳು, ಗೋಡೆಗೊರಗಿಸಿದ ಪ್ಲೈವುಡ್ ಹಾಳೆಗಳು, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ ಮೂರು ನಾಲ್ಕು ಚಾರ್ಜರ್. ಸಂಜೆ ಕೆಲಸ ಮುಗಿದ ಮೇಲೆ ಬಿಸಿಯಾಗಿರುವ ಬ್ಯಾಟರಿಗಳನ್ನೆಲ್ಲ ಚಾರ್ಜಿಗೆ ಹಾಕಿ ಷಟರ್ ಎಳೆಯುತ್ತಾರೆ. ಬೆಂಗಳೂರಿನಲ್ಲಿ ಎಷ್ಟೋ ಕಡೆ ಎಳೆದ ಷಟರಿನ ಒಳಗೇ, ಅಟ್ಟದ ಮೇಲೆ, ದೂರದ ರಾಜ್ಯಗಳಿಂದ ಬಂದ ಹುಡುಗರು ಮಲಗಿರುತ್ತಾರೆ. ಕಟ್ಟಡದ ಸೈಟುಗಳ ತಗಡಿನ ಶೆಡ್‌ಗಳಲ್ಲೂ ಹೀಗೆಯೇ. ಹೊರಹೋಗಲು ಇರುವುದು ಒಂದೇ ಬಾಗಿಲು, ಅದರ ಪಕ್ಕದಲ್ಲೇ ಪ್ಲಗ್ ಪಾಯಿಂಟ್. ವೆಲ್ಲೂರಿನಲ್ಲಿ ಒಟ್ಟಿಗೆ ಸೇರಿದ ಎಲ್ಲ ಸಂಗತಿಗಳೂ ಇಲ್ಲಿ ದಿನವೂ ಒಟ್ಟಿಗೆ ಇವೆ, ಮೇಲೆ ತಿನ್ನರ್ ಬೇರೆ.

ಮಲೆನಾಡಿನ ತೋಟಗಳಲ್ಲಿ ಇದು ಇನ್ನೊಂದು ರೂಪದಲ್ಲಿದೆ. ಮರಗಸಿಗೆ, ಕೊಂಬೆ ಕತ್ತರಿಸುವುದಕ್ಕೆ ಕೈಯಗಲದ ಬ್ಯಾಟರಿ ಗರಗಸಗಳು, ಬ್ಯಾಟರಿ ಕತ್ತರಿಗಳು ಬಂದಿವೆ. ಆಳು ಸಿಗದ ಕಾಲದಲ್ಲಿ ಅವು ನಿಜವಾಗಿಯೂ ನೆರವಾಗಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವು ದುಡಿಯುವುದು ಕೆಲವು ವಾರ. ಉಳಿದ ಕಾಲ ಮಳೆಗಾಲದ ತೇವದಲ್ಲಿ, ಖಾಲಿ ಬ್ಯಾಟರಿಯೊಂದಿಗೆ, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತವೆ. ಮುಂದಿನ ಮರಗಸಿಯ ಹೊತ್ತಿಗೆ ತಾಮ್ರ ಕರಗಿದ ಸೆಲ್ ಮತ್ತೆ ಚಾರ್ಜಿಗೆ ಏರುತ್ತದೆ. ಬಯಲುಸೀಮೆಯ ತೊಂದರೆ ಬೇರೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬೈಕಿನ ಪೆಟ್ಟಿಗೆಯಲ್ಲಿ, ಗೂಡ್ಸ್ ಆಟೋದ ತಗಡಿನ ಕೆಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಹೆಚ್ಚಿನ ತಯಾರಕರು ಚಾರ್ಜಿಂಗಿಗೆ ಹಾಕಿರುವ ಮಿತಿಯೇ 45 ಡಿಗ್ರಿಯ ಒಳಗೆ. ಒಳ್ಳೆಯ ಚಾರ್ಜರ್ ಬಿಸಿ ಬ್ಯಾಟರಿಯನ್ನು ಕಂಡರೆ ತಣ್ಣಗಾಗುವವರೆಗೆ ಕಾಯುತ್ತದೆ; ಅಡಾಪ್ಟರಿಗೆ ಬಿಸಿಯ ಅರಿವೇ ಇಲ್ಲ.

ಇನ್ನೊಂದು ವ್ಯವಹಾರ ರೀಫಿಲ್ ಮಾಡಿಸುವುದು. ಸತ್ತ ಬ್ಯಾಟರಿಯ ಕವಚದೊಳಗೆ ಬೇರೆ ಸೆಲ್ ತುಂಬಿ ಕಡಿಮೆ ಬೆಲೆಗೆ ಕೊಡುತ್ತಾರೆ. "ಕಂಪನಿ ಸೆಲ್ಲೇ ಸಾರ್, ಆರು ತಿಂಗಳು ಗ್ಯಾರಂಟಿ" ಎಂಬ ಮಾತು ಕೇಳದವರು ಕಡಿಮೆ. ಹೊಸ, ಒಂದೇ ಬ್ಯಾಚಿನ ಪವರ್ ಸೆಲ್ ತಂದು, ಸ್ಪಾಟ್ ವೆಲ್ಡಿಂಗ್ ಮಾಡಿ, ಒಂದೊಂದರ ವೋಲ್ಟೇಜ್ ಹೊಂದಿಸಿ ಕೊಡುವ ಕುಶಲಿಗರೂ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಹಾಗೆ ಮಾಡಿದರೆ ಬೆಲೆ ಅಷ್ಟು ಕಡಿಮೆಯಾಗಲು ಸಾಧ್ಯವಿಲ್ಲ. ಬೆಲೆ ಕಡಿಮೆಯಾಗುವುದು ಹಳೆಯ ಲ್ಯಾಪ್‌ಟಾಪಿನಿಂದಲೋ ಸ್ಕೂಟರಿನಿಂದಲೋ ತೆಗೆದ ಸೆಲ್ ಹಾಕಿದಾಗ, ಸೆಲ್ಲಿನ ತುದಿಗೇ ಬೆಸುಗೆ ಕಡ್ಡಿ ಒತ್ತಿದಾಗ. ಆ ಶಾಖಕ್ಕೆ ಒಳಗಿನ ಪೊರೆ ಘಾಸಿಗೊಂಡರೆ ಹೊರಗೆ ಯಾವ ಗುರುತೂ ಕಾಣದು. ಫೋನಿನ ಚಪ್ಪಟೆ ಬ್ಯಾಟರಿ ಕೆಟ್ಟಾಗ ಉಬ್ಬಿ ಎಚ್ಚರಿಕೆ ಕೊಡುತ್ತದೆ. ಉಕ್ಕಿನ ಡಬ್ಬಿಯ ಸೆಲ್ ಉಬ್ಬುವುದಿಲ್ಲ.

ಹೆಸರಾಂತ ಕಂಪನಿಯ ಮಷೀನಿಗೆ ಹೊಂದುವ ಬೇರೆ ತಯಾರಿಕೆಯ ಬ್ಯಾಟರಿ, ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದರ ಮಷೀನಿಗೆ ಕೂರಿಸುವ ಪ್ಲಾಸ್ಟಿಕ್ ಅಡಾಪ್ಟರ್, ಇವೂ ಈಗ ಧಾರಾಳ. ಖಾಲಿಯಾಗುವಾಗ ನಿಲ್ಲಿಸುವ ಕೆಲಸವನ್ನು ಕೆಲವು ಕಂಪನಿಗಳು ಬ್ಯಾಟರಿಯೊಳಗೆ ಇಟ್ಟಿವೆ, ಕೆಲವು ಮಷೀನಿನೊಳಗೆ. ಅಡಾಪ್ಟರ್ ಹಾಕಿ ಎರಡನ್ನು ಬೆರೆಸಿದಾಗ ಆ ಕೆಲಸ ಯಾರದೂ ಅಲ್ಲದ ಹಾಗೆ ಆಗಬಹುದು. ಕೆಲವು ನಕಲಿ ಪ್ಯಾಕ್‌ಗಳಲ್ಲಂತೂ ಶಾಖ ಅಳೆಯುವ ಸೆನ್ಸರಿನ ಜಾಗದಲ್ಲಿ ಪ್ರತಿರೋಧ ಬದಲಾಗದ ಒಂದು ಸಾದಾ ರೆಸಿಸ್ಟರ್ ಕೂರಿಸಿರುತ್ತಾರೆ. ಅಸಲಿ ಚಾರ್ಜರ್ ಎಷ್ಟು ಸಲ ಕೇಳಿದರೂ ಅದು ತಣ್ಣಗಿದ್ದೇನೆ ಎಂದೇ ಹೇಳುತ್ತದೆ. ಚಾರ್ಜರ್ ಅಸಲಿಯದು, ಭಯವಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಕಡಿಮೆ ಹಣದಲ್ಲಿ ಒಳ್ಳೆಯದನ್ನು ಕೊಳ್ಳುವ ದಾರಿಯೇ ಇಲ್ಲವೇ? ಇದೆ. ಅದಕ್ಕೆ ಅಳೆಯಬೇಕಾದ ಅಂಕಿ ವಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಅದು ಸಿಗುತ್ತದೆ. ಸರಿಯಾದ ಬ್ಯಾಟರಿಯ ಮೇಲೆ ಅದನ್ನು ಅಚ್ಚು ಹಾಕಿಯೇ ಇರುತ್ತಾರೆ. 18 ವೋಲ್ಟಿನ 5 ಆಂಪಿಯರ್-ಅವರ್ ಪ್ಯಾಕ್ ಎಂದರೆ 90 ವಾಟ್-ಅವರ್. ಅದಕ್ಕೆ 4,500 ರೂಪಾಯಿ ಎಂದಿಟ್ಟುಕೊಂಡರೆ ವಾಟ್-ಅವರಿಗೆ 50 ರೂಪಾಯಿ ಬಿತ್ತು. ಪಕ್ಕದ ಅಂಗಡಿಯಲ್ಲಿ ದೊಡ್ಡ ಅಂಕಿಯ ಪ್ಯಾಕ್ 1,500ಕ್ಕೆ ಸಿಗುತ್ತದೆ, ಒಳಗಿರುವುದು 1.5 ಆಂಪಿಯರ್-ಅವರಿನ ಐದು ಸೆಲ್ ಎಂದಿಟ್ಟುಕೊಳ್ಳಿ. 27 ವಾಟ್-ಅವರ್. ದರ 55 ರೂಪಾಯಿ ದಾಟಿತು. ಮೂರನೇ ಒಂದು ಭಾಗದ ಬೆಲೆಗೆ ಸಿಕ್ಕಿತೆಂದುಕೊಂಡದ್ದು ನಿಜಕ್ಕೂ ಹೆಚ್ಚು ದುಬಾರಿ. ಅಗ್ಗದ್ದರ ಆಯುಸ್ಸು ಒಳ್ಳೆಯದರ ಅರ್ಧವೂ ಇಲ್ಲದಿದ್ದರೆ ನಷ್ಟ ಇಮ್ಮಡಿಯಾಯಿತು.

ಹೆಸರಾಂತ ಕಂಪನಿಯ ಕಿಟ್‌ನ ಲಾಭ ಇರುವುದು ಇಲ್ಲೇ. ಕಂಪನಿಗಳು ಬಿಡಿ ಬ್ಯಾಟರಿಗೆ ಹೆಚ್ಚು ಬೆಲೆ ಇಟ್ಟು, ಮಷೀನ್, ಚಾರ್ಜರ್, ಎರಡು ಬ್ಯಾಟರಿ ಸೇರಿದ ಕಾಂಬೋವನ್ನು ಕಡಿಮೆಗೆ ಬಿಡುತ್ತವೆ, ಏಕೆಂದರೆ ಒಮ್ಮೆ ಒಂದು ಕಂಪನಿಯ ಬ್ಯಾಟರಿ ಮನೆಗೆ ಬಂದರೆ ಮುಂದಿನ ಮಷೀನೂ ಅದೇ ಕಂಪನಿಯದಾಗುತ್ತದೆಂದು ಅವಕ್ಕೆ ಗೊತ್ತು. ಎರಡು ಬಿಡಿ ಬ್ಯಾಟರಿಯ ಹಣಕ್ಕೆ ಇಡೀ ಕಿಟ್ ಸಿಗುವುದು ಅಪರೂಪವಲ್ಲ. ಆದ್ದರಿಂದ ಮೊದಲ ಸಲ ಕಿಟ್ ಕೊಂಡು, ಆಮೇಲೆ ಬೇಕಾದ ಮಷೀನುಗಳನ್ನು ಬಾಡಿ ಮಾತ್ರ ಎಂದು ಕೇಳಿ ಕೊಳ್ಳುವುದೇ ಉಳಿತಾಯದ ದಾರಿ. ಕಿಟ್‌ನಲ್ಲಿ ಬರುವುದು ಬಹಳ ಸಲ 1.5 ಅಥವಾ 2 ಆಂಪಿಯರ್-ಅವರಿನ ಸಣ್ಣ ಬ್ಯಾಟರಿ, ಹಾಗಾಗಿ ಎರಡು ಕಿಟ್‌ಗಳನ್ನು ಹೋಲಿಸುವಾಗ ಮಷೀನುಗಳ ಸಂಖ್ಯೆಗಿಂತ ಒಟ್ಟು ವಾಟ್-ಅವರ್ ಎಷ್ಟೆಂದು ಕೂಡಿಸಬೇಕು. ಸ್ಕ್ರೂ ಹಾಕುವ ಕೆಲಸಕ್ಕೆ ಸಣ್ಣದು ಸಾಕು. ಗ್ರೈಂಡರ್, ಸರ್ಕ್ಯುಲರ್ ಸಾ ಓಡಿಸುವವರಿಗೆ ಹತ್ತು ಸೆಲ್‌ಗಳ ಪ್ಯಾಕೇ ಬೇಕು. ಕರೆಂಟಿನ ಹೊರೆ ಎರಡು ಸಾಲಿಗೆ ಹಂಚಿಹೋಗುವುದರಿಂದ ಪ್ರತಿ ಸೆಲ್ಲಿನ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ.

ಒಂದೇ ಕಂಪನಿಯೊಳಗೂ ಎರಡು ಕುಟುಂಬ ಇರಬಹುದು. ಬಾಷ್‌ನ ನೀಲಿ ಬಣ್ಣದ ವೃತ್ತಿಪರ ಸಾಲಿನ 18 ವೋಲ್ಟ್ ಬ್ಯಾಟರಿ ಅದೇ ಬಾಷ್‌ನ ಹಸಿರು ಬಣ್ಣದ ಮನೆಬಳಕೆಯ ಸಾಲಿಗೆ ಕೂರುವುದಿಲ್ಲ. ಇದನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಂಡರೆ ಅಡಾಪ್ಟರಿನ ಆಸೆ ಹುಟ್ಟುವುದಿಲ್ಲ. ಬ್ಯಾಟರಿಯ ತಯಾರಿಕೆ ತಿಂಗಳು ನೋಡಿ. ಎರಡು ವರ್ಷ ಗೋದಾಮಿನಲ್ಲಿ ಕುಳಿತದ್ದಕ್ಕೆ ರಿಯಾಯಿತಿ ಎಷ್ಟಿದ್ದರೂ ಕಡಿಮೆಯೇ. ವಾರಂಟಿ ಕಾರ್ಡಿನಲ್ಲಿ ಬ್ಯಾಟರಿಯ ಅವಧಿ ಬೇರೆ ಬರೆದಿರುತ್ತದೆ, ಸಾಮಾನ್ಯವಾಗಿ ಮಷೀನಿಗಿಂತ ಕಡಿಮೆ. ಜಿಎಸ್‌ಟಿ ಬಿಲ್ ಇಲ್ಲದೆ ಅದೂ ಇಲ್ಲ.

ಬ್ಯಾಟರಿಯ ಮೈಮೇಲೆ ಐಎಸ್ 16046 ಎಂಬ ಬರಹ ಮತ್ತು ಆರ್ ಅಕ್ಷರದಿಂದ ಶುರುವಾಗುವ ಎಂಟಂಕಿಯ ನೋಂದಣಿ ಸಂಖ್ಯೆ ಇರಬೇಕು. ಅಚ್ಚಿದೆ ಎಂದ ಮಾತ್ರಕ್ಕೆ ಅಸಲಿ ಎಂದಲ್ಲ. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರಿಗೆ, ಯಾವ ಬ್ರ್ಯಾಂಡಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೂ ಅದಕ್ಕೂ ಹೊಂದದಿದ್ದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ. ಈ ಪರಿಶೀಲನೆಯನ್ನು ಪ್ರತಿ ಕಾರ್ಮಿಕನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ ಎಂದು ನನಗೆ ಅನಿಸುತ್ತದೆ. ಸಂಖ್ಯೆಯೇ ಇಲ್ಲದ ಬ್ಯಾಟರಿಯನ್ನು ಆನ್‌ಲೈನ್ ತಾಣಗಳು ಪಟ್ಟಿಗೇ ಸೇರಿಸಬಾರದು, 88 ವೋಲ್ಟಿನ ಸುಳ್ಳನ್ನು ಗ್ರಾಹಕ ಕಾನೂನಿನಡಿ ಹಿಡಿಯಬೇಕು. ಅದು ಆಗುವವರೆಗೆ ನಾವೇ ನೋಡಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ಈಗಾಗಲೇ ಅಗ್ಗದ ಕಿಟ್ ಕೊಂಡಾಗಿದೆ, ಎಸೆಯುವ ಹಾಗಿಲ್ಲ ಎನ್ನುವವರೇ ಹೆಚ್ಚು. ಅವರಿಗೆ ಹೇಳುವುದು ಇಷ್ಟು. ಎಚ್ಚರವಿರುವಾಗ ಮಾತ್ರ ಚಾರ್ಜ್ ಮಾಡಿ. ಮಧ್ಯಾಹ್ನದ ಊಟದ ಹೊತ್ತು ರಾತ್ರಿಗಿಂತ ಎಷ್ಟೋ ಒಳ್ಳೆಯದು. ಕೆಲಸ ಮುಗಿದ ಕೂಡಲೇ ಸಿಕ್ಕಿಸದೆ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಜಾಗ ಸಿಮೆಂಟು ನೆಲ ಅಥವಾ ಕಲ್ಲು ಚಪ್ಪಡಿ ಇರಲಿ, ಸುತ್ತ ಮರದ ಪುಡಿಯಾಗಲಿ ತಿನ್ನರ್ ಆಗಲಿ ಬೇಡ, ಬಾಗಿಲ ದಾರಿಯಲ್ಲಂತೂ ಬೇಡವೇ ಬೇಡ. ದೀಪ ಹಸಿರಾದ ಮೇಲೆ ತೆಗೆಯಿರಿ. ಬಹಳ ದಿನ ಬಳಸುವುದಿಲ್ಲವೆಂದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಒಣ ಜಾಗದಲ್ಲಿಟ್ಟು ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಎತ್ತರದಿಂದ ಬಿದ್ದದ್ದು, ನೀರಿಗೆ ನೆನೆದದ್ದು, ಸುಮ್ಮನಿದ್ದಾಗಲೂ ಬಿಸಿಯಾಗುವುದು, ಸಿಹಿಯಾದ ಸ್ಪಿರಿಟಿನಂಥ ವಾಸನೆ ಬರುವುದು, ಇಂಥದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಮಲಗುವ ಜಾಗ ಮತ್ತು ಚಾರ್ಜಿಂಗ್ ಜಾಗ ಒಂದೇ ಆಗಿರಬಾರದು. ಮಾಲೀಕರೇ, ಆ ಹುಡುಗರು ಕೇಳಲಾರರು. ಇದನ್ನು ನೀವೇ ಮಾಡಬೇಕು.

ಹಿಸ್ಸೆಂಬ ಸದ್ದು, ಬಿಳಿ ಹೊಗೆ ಬಂತೆಂದರೆ ಕೈಯಲ್ಲಿರುವುದು ಕ್ಷಣಗಳು. ಸಾಧ್ಯವಾದರೆ ಮೈನ್ ಆರಿಸಿ, ಎಲ್ಲರನ್ನೂ ಹೊರಗೆ ಕಳುಹಿಸಿ, 101 ಅಥವಾ 112ಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿ ಎಂದು ಹೇಳಿ. ಪುಡಿಯ ಅಗ್ನಿಶಾಮಕ ಜ್ವಾಲೆಯನ್ನು ತಗ್ಗಿಸೀತು, ಸೆಲ್ಲನ್ನು ತಣಿಸದು. ಆರಿದ ಪ್ಯಾಕ್ ಮತ್ತೆ ಹೊತ್ತಬಹುದು. ತಣಿಸುವುದು ಧಾರಾಳ ನೀರು, ಅದೂ ಕರೆಂಟ್ ಕಡಿದ ಮೇಲೆ, ದೂರದಿಂದ, ಹೊಗೆ ಕುಡಿಯದೆ. ಮಷೀನ್ ಉಳಿಸಲು ಒಳಗೆ ಹೋಗಬೇಡಿ.

ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ ಎಂಬುದು ಕೊಂಡವರ ಕಣ್ಣಿಗೆ ಬೀಳದ ಭಾಗ. ಒಣಕಸದ ಚೀಲಕ್ಕೆ ಹಾಕಿದರೆ ಕಸದ ಲಾರಿಯ ಒತ್ತುಯಂತ್ರ ಅದನ್ನು ಜಜ್ಜುತ್ತದೆ. ಬ್ರಿಟನ್ನಿನಲ್ಲಿ ಒಂದೇ ವರ್ಷದಲ್ಲಿ ಕಸದ ಲಾರಿಗಳಲ್ಲೂ ವಿಲೇವಾರಿ ಘಟಕಗಳಲ್ಲೂ ಬ್ಯಾಟರಿಯಿಂದ ಎದ್ದ ಬೆಂಕಿ 1,200 ದಾಟಿದ್ದನ್ನು ಅಲ್ಲಿನ ಅಗ್ನಿಶಾಮಕ ಮುಖ್ಯಸ್ಥರ ಮಂಡಳಿ 2024ರಲ್ಲಿ ಪ್ರಕಟಿಸಿತು. ನಮ್ಮಲ್ಲಿ ಆ ಚೀಲವನ್ನು ಬರಿಗೈಯಲ್ಲಿ ಬಿಚ್ಚುವವರು ಪೌರಕಾರ್ಮಿಕರು, ಚಿಂದಿ ಆಯುವ ಹೆಂಗಸರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದು ಮತ್ತು ಆಮದುದಾರರದು. ಬೇರೆ ಕಸದೊಡನೆ ಬೆರೆಸದೆ ಕೊಡುವುದು ನಮ್ಮದು. ಕೊಳ್ಳುವ ದಿನವೇ ಅಂಗಡಿಯವರನ್ನು ಕೇಳಿ: ಅಣ್ಣಾ, ಇದು ಸತ್ತ ಮೇಲೆ ವಾಪಸ್ ತೊಗೋತೀರಾ? ಹೌದೆನ್ನುವವರಲ್ಲಿ ಕೊಳ್ಳಿ. ವಾಪಸ್ ಕೊಡುವವರೆಗೆ ಹಳೆಯದರ ಲೋಹದ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಂದು ತಗಡಿನ ಡಬ್ಬಿಯಲ್ಲಿ ಒಣ ಮರಳಿನ ನಡುವೆ, ಮನೆಯಿಂದ ಹೊರಗೆ, ಮಳೆ ಬೀಳದ ಕಡೆ ಇಡಿ. ತುಂಬಿದ ಮೇಲೆ ಅಂಗಡಿಗೋ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಒಯ್ದು ಕೊಡಿ.